ಗುಡ್ಡದ ಬಾಕಿ ಲೆಕ್ಕ: ಎರಡೂ ಕಡೆಯವರಿಗೆ ಉತ್ತರ

ಕೋಲಾರ ಚಿನ್ನದ ಗಣಿಯ ಊರಾದ ಕೆಜಿಎಫ್‌ನ ಸೈನೈಡ್ ಗುಡ್ಡಗಳ ಬಗ್ಗೆ ನಾನು ಬರೆದದ್ದಕ್ಕೆ ಎರಡೂ ಕಡೆಯಿಂದ ಏಟು ಬಿದ್ದಿದೆ. ಗಣಿ ಬೇಕೆನ್ನುವವರು ನನ್ನನ್ನು ಅಭಿವೃದ್ಧಿಯ ವೈರಿ ಎಂದರು. ಗಣಿ ಬೇಡವೆನ್ನುವವರು ಕಂಪನಿಗಳ ಏಜೆಂಟ್ ಎಂದರು. ಒಂದೇ ಬರಹ ಓದಿ ಇಬ್ಬರಿಗೂ ಸಿಟ್ಟು ಬಂದಿದೆಯೆಂದರೆ ಒಂದೋ ಅದರಲ್ಲಿ ಏನೋ ಹುರುಳಿರಬೇಕು, ಇಲ್ಲವೇ ಬರೆದದ್ದು ಯಾರಿಗೂ ಅರ್ಥವಾಗಿರಬಾರದು. ಎರಡನೆಯದೇ ಇರಬಹುದೆಂದು ಇನ್ನೊಮ್ಮೆ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಹೇಳಿದ್ದು ಇಷ್ಟೇ. ಕೆಜಿಎಫ್‌ನಲ್ಲಿ 13 ಗುಡ್ಡಗಳಿವೆ. ಸಾವಿರ ಎಕರೆಯಷ್ಟು ಜಾಗದಲ್ಲಿ, ಸುಮಾರು 3 ಕೋಟಿ 30 ಲಕ್ಷ ಟನ್ ಮಣ್ಣು. ಮಣ್ಣು ಎನ್ನುವುದು ರೂಢಿಯ ಮಾತು. ಅದು ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ, ಹಿಟ್ಟಿನಂತೆ ಅರೆದ ಕಲ್ಲು. ಅದರಲ್ಲಿ ಉಳಿದಿರುವ ಚಿನ್ನಕ್ಕಾಗಿ ಗುಡ್ಡಗಳನ್ನು ಹರಾಜು ಹಾಕುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಹರಾಜಿಗೆ ನನ್ನ ತಕರಾರಿಲ್ಲ. ಚಿನ್ನ ತೆಗೆದ ಮೇಲೆ ಉಳಿಯುವ ಮಣ್ಣನ್ನು ಎಲ್ಲಿ ಹಾಕುತ್ತಾರೆ, ಐವತ್ತು ವರ್ಷ ಯಾರು ಕಾಯುತ್ತಾರೆ, ಅದಕ್ಕೆ ಬೇಕಾದ ದುಡ್ಡು ಎಲ್ಲಿದೆ ಎನ್ನುವುದು ಮೊದಲ ಬುಟ್ಟಿ ಎತ್ತುವ ಮುಂಚೆಯೇ ತೀರ್ಮಾನವಾಗಲಿ, ದುಡ್ಡು ಮುಂಚೆಯೇ ಖಜಾನೆಗೆ ಬೀಳಲಿ ಎಂದೆ. ಹೊಸ ಗಣಿ ಎಲ್ಲಿಯೇ ತೆಗೆಯಲಿ, ಚಿನ್ನದ್ದಾಗಲಿ ತಾಮ್ರದ್ದಾಗಲಿ, ಇದೇ ಮಾತು.

ಇನ್ನು ಆಕ್ಷೇಪಗಳು.

ಮೊದಲನೆಯದು ಭಾವನೆಯದು. “ಗಣಿಯಿಂದ ಊರಾಯಿತು, ಗಣಿಯಿಂದ ಕರೆಂಟು ಬಂತು, ಆ ಅನ್ನ ಉಂಡವರೇ ಗಣಿಗೆ ಕಲ್ಲು ಹೊಡೆಯುತ್ತೀರಿ” ಎಂದು ಒಬ್ಬ ಹಿರಿಯರು ಬರೆದಿದ್ದಾರೆ. ಅವರು ಬರೆದದ್ದಕ್ಕಿಂತ ಹೆಚ್ಚನ್ನೇ ನಾನು ಒಪ್ಪುತ್ತೇನೆ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಬಂದು ಕೈಹಾಕುವವರೆಗೆ ಆ ಸೀಮೆ ಜಾಲಿಮುಳ್ಳಿನ ಬಯಲು. ಮುಂದೆ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿದಾಗ ಅದು ನೂರೈವತ್ತು ಕಿಲೋಮೀಟರು ತಂತಿ ಹಾದು ಮೊದಲು ಹೋದದ್ದು ಕೋಲಾರದ ಗಣಿಗೆ. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ. 1965ರಲ್ಲಿ ಅದೇ ಗಣಿಯ ಪಾತಾಳದಲ್ಲಿ ವಾತಾವರಣದ ನ್ಯೂಟ್ರಿನೋಗಳ ಸುಳಿವು ಸಿಕ್ಕಿತು. ಬಂಗಾರಪೇಟೆ ಸೀಮೆಯಲ್ಲಿ ವಿಜ್ಞಾನ ಪಾಠ ಮಾಡಿಕೊಂಡಿದ್ದ ನಾನು ಆ ವಿಷಯ ಹೇಳುವಾಗ ಮಕ್ಕಳ ಮುಂದೆ ಎದೆ ಉಬ್ಬಿಸಿಕೊಂಡೇ ಹೇಳುತ್ತಿದ್ದೆ. ನಿಮ್ಮ ತಾತ ಇಳಿಯುತ್ತಿದ್ದ ಶಾಫ್ಟಿನಲ್ಲೇ ಕಣ್ರೋ ಇದು ಸಿಕ್ಕಿದ್ದು, ಅಂತ.

ಆದರೆ ಋಣದ ಪಟ್ಟಿ ಬರೆಯುವಾಗ ಎರಡೂ ಕಾಲಂ ಬರೆಯಬೇಕು. ಆ ಕರೆಂಟು ಶಾಫ್ಟಿನ ರಾಟೆ ತಿರುಗಿಸಿತು, ಸಾಹೇಬರ ಬಂಗಲೆ ಬೆಳಗಿತು. ಕಾರ್ಮಿಕರ ಲೈನ್ ಮನೆಗಳಿಗೆ ಬಂದದ್ದು ಆಮೇಲೆ. ಲಾಭಾಂಶ ಲಂಡನ್ನಿಗೆ ಹೋಯಿತು. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು 1947ರಲ್ಲಿ, ಇದೇ ಕೋಲಾರದ ಗಣಿಯಿಂದ, ಎಂದು ನಮ್ಮ ವೈದ್ಯಕೀಯ ವಿದ್ಯಾರ್ಥಿಗಳು ಇವತ್ತಿಗೂ ಓದುತ್ತಾರೆ. 1940ರಿಂದ 46ರವರೆಗೆ ಪರೀಕ್ಷೆ ಮಾಡಿದ ಕಾರ್ಮಿಕರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯ ಶ್ವಾಸಕೋಶದಲ್ಲಿ ಕಲ್ಲಿನ ದೂಳು ಕೂತಿತ್ತು. ಅವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟ್ ಕಡೆಯಿಂದ ಬಂದ ದಲಿತರು. ಗಣಿಯ ಋಣ ನಮ್ಮ ಮೇಲಿದೆ, ಸರಿ. ಗಣಿಯ ಮೇಲೆ ಅವರ ಋಣವೂ ಇದೆ.

ಎರಡನೆಯ ಆಕ್ಷೇಪಕ್ಕೆ ಬರುತ್ತೇನೆ. ಇದು ಗಟ್ಟಿಯಾದದ್ದು, ಹಾಗಾಗಿ ಉತ್ತರವೂ ಉದ್ದ. “ನೀವು ಹೇಳುವುದೆಲ್ಲ ಬ್ರಿಟಿಷರ ಕಾಲದ ಕಥೆ. ಈಗ ತಂತ್ರಜ್ಞಾನ ಬದಲಾಗಿದೆ. ನೀರು ಹೊರಗೆ ಬಿಡುವ ಮಾತೇ ಇಲ್ಲ, ಬಳಸಿದ್ದನ್ನೇ ಮತ್ತೆ ಬಳಸುತ್ತಾರೆ. ಹಳೆಯ ಗುಡ್ಡ ಕರಗಿ ಊರಿನ ದೂಳೂ ಹೋಗುತ್ತದೆ, ಚಿನ್ನವೂ ಸಿಗುತ್ತದೆ.”

ಇದೇ ಮಾತನ್ನು ಹೆಚ್ಚುಕಡಿಮೆ ಇದೇ ಪದಗಳಲ್ಲಿ ಇನ್ನೊಂದು ಊರಿಗೆ ಹೇಳಿದ್ದರು. ರೊಮೇನಿಯಾ ದೇಶದ ಬಾಯಾ ಮಾರೆ. ಅದೂ ಹಳೆಯ ಗಣಿ ಊರು. ಊರಿನ ಅಂಚಿಗೇ ಹಳೆಯ ಅದಿರು ಅರೆದ ಮಣ್ಣಿನ ಗುಡ್ಡ. ಗಾಳಿ ಬಂದರೆ ದೂಳು ಮನೆಗಳ ಮೇಲೆ. ಒಂದು ಆಸ್ಟ್ರೇಲಿಯಾದ ಕಂಪನಿ ಮತ್ತು ಅಲ್ಲಿನ ಸರ್ಕಾರಿ ಗಣಿ ಕಂಪನಿ ಸೇರಿ ಔರುಲ್ ಎಂಬ ಜಂಟಿ ಸಂಸ್ಥೆ ಮಾಡಿದವು. ಹಳೆಯ ಗುಡ್ಡವನ್ನು ನೀರಿನಲ್ಲಿ ಕಲಕಿ, ಸೈನೈಡ್ ಹಾಕಿ, ಉಳಿದ ಚಿನ್ನ–ಬೆಳ್ಳಿ ತೆಗೆದು, ಕೆಸರನ್ನು ಊರಿನಿಂದ ಕೆಲವು ಕಿಲೋಮೀಟರು ಆಚೆ ಹೊಸ ಕಟ್ಟೆಯೊಳಗೆ ಹಾಕುವುದು. ನೀರು ಹೊರಗೆ ಹೋಗದಂತೆ ಮುಚ್ಚಿದ ಚಕ್ರ. ಊರಿಗೂ ಒಳ್ಳೆಯದು, ಕಂಪನಿಗೂ ಒಳ್ಳೆಯದು. 1999ರಲ್ಲಿ ಕೆಲಸ ಶುರುವಾಯಿತು.

ಆ ಚಳಿಗಾಲದಲ್ಲಿ ಹಿಮ ಜಾಸ್ತಿ ಬಿತ್ತು, ಜೊತೆಗೆ ಮಳೆ. ಹಿಮ ಕರಗಿ ಕಟ್ಟೆಯೊಳಗೆ ನೀರು ಏರಿತು. ಹೊರಗೆ ಬಿಡಲು ದಾರಿ ಇಟ್ಟಿರಲಿಲ್ಲ, ಯಾಕೆಂದರೆ ಹೊರಗೆ ಬಿಡುವುದೇ ಇಲ್ಲ ಎಂಬುದೇ ಆ ಯೋಜನೆಯ ಹೆಚ್ಚುಗಾರಿಕೆ. 2000ದ ಜನವರಿ 30ರ ರಾತ್ರಿ ಕಟ್ಟೆ ಒಡೆಯಿತು. ಒಂದು ಲಕ್ಷ ಘನ ಮೀಟರ್ ಸೈನೈಡ್ ನೀರು ಹಳ್ಳಕ್ಕೆ, ಹಳ್ಳದಿಂದ ಸೊಮೆಶ್ ನದಿಗೆ, ಅಲ್ಲಿಂದ ಗಡಿ ದಾಟಿ ಹಂಗೇರಿಯ ತೀಸಾ ನದಿಗೆ, ಕೊನೆಗೆ ಡ್ಯಾನ್ಯೂಬಿಗೆ. ಹಂಗೇರಿಯವರು ನದಿಯಿಂದ ಎತ್ತಿದ ಸತ್ತ ಮೀನು ಸಾವಿರ ಟನ್ನಿಗೂ ಹೆಚ್ಚು. ಕೆಲಸ ಶುರುವಾಗಿ ಒಂದು ವರ್ಷವೂ ಆಗಿರಲಿಲ್ಲ.

ಇದರಿಂದ ‘ತಂತ್ರಜ್ಞಾನವೇ ಸುಳ್ಳು’ ಎಂದು ನಾನು ಹೇಳುವುದಿಲ್ಲ. ಬಾಯಾ ಮಾರೆಯ ಪಾಠ ಕಲಿತೇ ಸೈನೈಡ್ ಬಳಕೆಗೆ ಅಂತರರಾಷ್ಟ್ರೀಯ ಸಂಹಿತೆ ಬಂತು. ಕೆಸರನ್ನು ಕಟ್ಟೆಗೆ ಬಿಡುವ ಮುಂಚೆಯೇ ಅದರೊಳಗಿನ ಸೈನೈಡನ್ನು ಒಡೆದು ಹಾಕುವ ವಿಧಾನಗಳು ಇವೆ, ನಡೆಯುತ್ತಿವೆ. ನೀರು ಹಿಂಡಿ ತೆಗೆದು ಒಣ ಮಣ್ಣಾಗಿ ಪೇರಿಸುವ ವಿಧಾನ ಇದೆ. ಸಿಮೆಂಟ್ ಬೆರೆಸಿ ಹಳೆಯ ಸುರಂಗಗಳಿಗೇ ವಾಪಸ್ ತುಂಬುವ ವಿಧಾನ ಇದೆ. ಎಲ್ಲವೂ ಇವೆ, ಎಲ್ಲಕ್ಕೂ ಖರ್ಚಿದೆ. ಹರಾಜಿನಲ್ಲಿ ಯಾರು ಹೆಚ್ಚು ಪಾಲು ಕೊಡುತ್ತೇನೆ ಎನ್ನುತ್ತಾರೋ ಅವರಿಗೇ ಗುತ್ತಿಗೆ. ಹೆಚ್ಚು ಕೊಡುತ್ತೇನೆ ಎಂದವನು ಎಲ್ಲಿ ಉಳಿಸುತ್ತಾನೆ? ಚಿನ್ನ ತೆಗೆಯುವುದರಲ್ಲಿ ಉಳಿಸುವುದಿಲ್ಲ. ಆದ್ದರಿಂದ ಕೆಸರಿನ ವಿಧಾನ ಯಾವುದು ಎನ್ನುವುದು ಟೆಂಡರಿನ ಷರತ್ತಿನಲ್ಲೇ ಅಚ್ಚಾಗಿರಬೇಕು. ಗೆದ್ದ ಕಂಪನಿ ಆಮೇಲೆ ತಯಾರಿಸುವ ವರದಿಗೆ ಅದನ್ನು ಬಿಡಬಾರದು. ತಂತ್ರಜ್ಞಾನವನ್ನು ನಂಬುವವರೇ ಈ ಷರತ್ತನ್ನು ನನಗಿಂತ ಜೋರಾಗಿ ಕೇಳಬೇಕಿತ್ತು.

ಮೂರನೆಯದು ರಸಾಯನಶಾಸ್ತ್ರದ್ದು, ಮತ್ತು ಇಲ್ಲಿ ನನ್ನ ಕಡೆಯವರದೇ ತಪ್ಪಿದೆ. “ಸೈನೈಡ್ ಬಿಸಿಲಿಗೆ ಒಡೆದುಹೋಗುತ್ತದೆ. ಹಸಿ ಮರಗೆಣಸಿನಲ್ಲೂ ಸೈನೈಡ್ ಇದೆ. ಸುಮ್ಮನೆ ಹೆದರಿಸಬೇಡಿ.” ನಿಜ. ಗುಡ್ಡಕ್ಕೆ ಸೈನೈಡ್ ಎಂಬ ಹೆಸರು ಅಂಟಿರುವುದರಿಂದ ಅದನ್ನು ಮುಟ್ಟಿದರೆ ಸತ್ತೇಹೋಗುತ್ತಾರೆ ಎನ್ನುವ ಹಾಗೆ ಬರೆಯುವವರು ಇದ್ದಾರೆ. ಅದರ ಮೇಲೆ ಸಿನಿಮಾ ಶೂಟಿಂಗ್ ನಡೆದಿದೆ, ಯಾರೂ ಸಾಯಲಿಲ್ಲ. ದಶಕಗಳ ಬಿಸಿಲು ಮಳೆ ಕಂಡ ಗುಡ್ಡದ ಮೈಮೇಲೆ ಸೈನೈಡ್ ಹೆಚ್ಚು ಉಳಿದಿರುವುದಿಲ್ಲ.

ಹಾಗಾದರೆ ಏನಿದೆ? ಆಷಾಢದಲ್ಲಿ ಒಮ್ಮೆ ಕೆಜಿಎಫ್‌ನ ಆಂಡರ್ಸನ್‌ಪೇಟೆಯ ನನ್ನ ಚಿಕ್ಕಮ್ಮನ ಮನೆಯಲ್ಲಿ ಒಂದು ಮಧ್ಯಾಹ್ನ ಕೂತುಕೊಳ್ಳಿ. ಪಡುವಣ ಗಾಳಿ ಎದ್ದ ಕೂಡಲೇ ಚಿಕ್ಕಮ್ಮ ಮಾತು ನಿಲ್ಲಿಸಿ ಎದ್ದು ಕಿಟಕಿ ಮುಚ್ಚುತ್ತಾರೆ. ಬಾಗಿಲ ಸಂದಿಗೆ ಒದ್ದೆ ಗೋಣಿಚೀಲ ಒತ್ತುತ್ತಾರೆ. ದೋಸೆ ಹಿಟ್ಟಿನ ಪಾತ್ರೆಗೆ ತಟ್ಟೆ, ತಟ್ಟೆಯ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಇನ್ನೊಂದು ತಟ್ಟೆ. ಇಷ್ಟಾದರೂ ಸಂಜೆ ಊಟಕ್ಕೆ ಕೂತಾಗ ಹಲ್ಲಿಗೆ ಸಣ್ಣಗೆ ಕರ ಕರ ಎನ್ನುತ್ತದೆ. ನೆಲದ ಮೇಲೆ ಬೆರಳಿಟ್ಟು ಎಳೆದರೆ ಗೆರೆ ಮೂಡುತ್ತದೆ. ಆ ಗೆರೆಯ ಪಕ್ಕದಲ್ಲಿ ಬಿದ್ದದ್ದು ಸೈನೈಡ್ ಅಲ್ಲ, ಸಿಲಿಕಾ. ಕಣ್ಣಿಗೆ ಕಾಣುವಷ್ಟು ದಪ್ಪ ಇರುವುದು ಪರವಾಗಿಲ್ಲ, ಮೂಗೇ ಅದನ್ನು ತಡೆಯುತ್ತದೆ. ಕಾಣದಷ್ಟು ನುಣ್ಣಗಿರುವುದು ಎದೆಗೂಡಿನ ತಳದವರೆಗೆ ಇಳಿಯುತ್ತದೆ. ಹರಾಜಿನ ಸುದ್ದಿ ಓದಿ ಹೇಳಿದಾಗ ಚಿಕ್ಕಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಚಿನ್ನ ತೆಗುದ್ಮೇಲೆ ಈ ಮಣ್ಣ ಎಲ್ಲಾಕ್ತಾರಂತಪ್ಪ?” ನನ್ನ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ. ಮತ್ತೆ ಅರೆದರೆ ಮಣ್ಣು ಇನ್ನೂ ನುಣ್ಣಗಾಗುತ್ತದೆ ಎನ್ನುವುದನ್ನು ನಾನು ಅವರಿಗೆ ಹೇಳಲಿಲ್ಲ.

ಸಿಲಿಕಾ ಒಂದು, ಆರ್ಸೆನಿಕ್ ಇನ್ನೊಂದು. ನಮ್ಮ ಚಿನ್ನದ ಅದಿರಿನಲ್ಲಿ ಹಲವು ಕಡೆ ಚಿನ್ನಕ್ಕೆ ಅಂಟಿಕೊಂಡೇ ಆರ್ಸೆನಿಕ್ ಖನಿಜ ಇರುತ್ತದೆ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ, ಮಂಗಳೂರು ಎಂಬ ಹಳ್ಳಿಯ ಹಳೆಯ ಚಿನ್ನದ ಗಣಿಯಿಂದ ಕೆಲವೇ ಕಿಲೋಮೀಟರಿನಲ್ಲಿ ಕಿರದಳ್ಳಿ ತಾಂಡಾ ಇದೆ. ಅಲ್ಲಿನ ಕೊಳವೆಬಾವಿಗಳಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಮಿತಿಯನ್ನು ಎಷ್ಟೋ ಪಟ್ಟು ಮೀರಿದ ಆರ್ಸೆನಿಕ್ ಸಿಕ್ಕಿದ್ದು, ಜನರ ಅಂಗೈ ಅಂಗಾಲು ಗಡುಸಾಗಿ ಮೈಮೇಲೆ ಕಲೆ ಎದ್ದದ್ದು ವೈಜ್ಞಾನಿಕ ಅಧ್ಯಯನಗಳಲ್ಲೇ ದಾಖಲಾಗಿದೆ. “ಅದು ಭೂಮಿಯೊಳಗೇ ಇರುವ ಆರ್ಸೆನಿಕ್, ಗಣಿ ಹಾಕಿದ್ದಲ್ಲ” ಎನ್ನುವ ವಾದ ನನಗೆ ಗೊತ್ತು, ಅದರಲ್ಲಿ ಸತ್ಯವೂ ಇದೆ. ಆ ಬಂಡೆಯ ಸ್ವಭಾವವೇ ಹಾಗೆ, ಗಣಿಯಿಲ್ಲದ ಕಡೆಯೂ ನೀರಿಗೆ ಇಳಿಯಬಹುದು. ಹಾಗಿದ್ದ ಮೇಲೆ ಅಂಥ ಬಂಡೆಯನ್ನು ಎತ್ತಿ ತಂದು, ಹಿಟ್ಟು ಮಾಡಿ, ಗಾಳಿ ನೀರಿಗೆ ಒಡ್ಡುವಾಗ ಎಷ್ಟು ಹುಷಾರಾಗಿರಬೇಕು? ಮನೆಯೊಳಗೆ ಹಾವಿದೆ ಎಂದು ಗೊತ್ತಿದ್ದವನು ಕತ್ತಲಲ್ಲಿ ಕೈಯಾಡಿಸುವುದಿಲ್ಲ.

ನಾಲ್ಕನೆಯದು ಉದ್ಯೋಗ. ಇಲ್ಲಿ ನನ್ನ ಎದುರಾಳಿಗಳು ಹಟ್ಟಿಯನ್ನು ತಂದು ನಿಲ್ಲಿಸಿದ್ದಾರೆ, ನಿಲ್ಲಿಸಬೇಕಾದದ್ದೇ. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಇವತ್ತು ದೇಶದ ಅತಿ ದೊಡ್ಡ ಚಿನ್ನದ ಗಣಿ. ರಾಜ್ಯ ಸರ್ಕಾರದ್ದು. 1947ರಲ್ಲಿ ನಿಜಾಮರ ಸೀಮೆಯಲ್ಲಿ ಹುಟ್ಟಿದ ಕಂಪನಿ. ಅದಕ್ಕೆ ಎಷ್ಟೋ ಮುಂಚೆ, ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಅಲ್ಲಿ ಬೆಂಕಿ ಹಾಕಿ ಬಂಡೆ ಸೀಳಿ ಅಗೆದ ಹಳೆಯ ಗುಂಡಿಗಳಿವೆ. ಅಲ್ಲಿಗೆ ಹತ್ತಿರದ ಮಸ್ಕಿಯಲ್ಲಿ ಅಶೋಕನ ಹೆಸರಿದ್ದ ಶಾಸನವನ್ನು 1915ರಲ್ಲಿ ಕಂಡವನೂ ಚಿನ್ನ ಹುಡುಕಿಕೊಂಡು ತಿರುಗುತ್ತಿದ್ದ ಬ್ರಿಟಿಷ್ ಎಂಜಿನಿಯರನೇ. ಚಿನ್ನ ಹುಡುಕಿದವನಿಗೆ ಚರಿತ್ರೆ ಸಿಕ್ಕಿತು. ಇದು ವಾದಕ್ಕೆ ಸಂಬಂಧವಿಲ್ಲ, ಆದರೂ ಬಿಡಲು ಮನಸ್ಸಾಗಲಿಲ್ಲ.

ಲಿಂಗಸುಗೂರು, ಮಾನ್ವಿ, ದೇವದುರ್ಗದ ಜನ ಬೇಸಿಗೆ ಬಂದರೆ ಮನೆಗೆ ಬೀಗ ಹಾಕಿ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುವುದನ್ನು ನೋಡಿದವರು ಯಾರೂ ಹಟ್ಟಿಯ ಒಂದು ಕಾಯಂ ನೌಕರಿಯನ್ನು ಹಗುರವಾಗಿ ಕಾಣಲಾರರು. ತಿಂಗಳ ಸಂಬಳ, ಕ್ವಾರ್ಟರ್ಸ್, ಆಸ್ಪತ್ರೆ, ಮಕ್ಕಳಿಗೆ ಶಾಲೆ. ಹಟ್ಟಿ ಮುಚ್ಚಿ ಎಂದು ನಾನು ಎಲ್ಲೂ ಬರೆದಿಲ್ಲ, ಬರೆಯುವುದೂ ಇಲ್ಲ.

ಆದರೆ ಉದ್ಯೋಗದ ಲೆಕ್ಕ ಕೊಡುವವರು ಗಣಿ ತುಂಬಿ ತುಳುಕುವ ವರ್ಷದ ಲೆಕ್ಕವನ್ನೇ ಯಾಕೆ ಕೊಡುತ್ತಾರೆ? ಕೆಜಿಎಫ್ ತನ್ನ ಏರು ಕಾಲದಲ್ಲಿ ಮೂವತ್ತು ಸಾವಿರದ ಹತ್ತಿರ ಜನಕ್ಕೆ ಕೆಲಸ ಕೊಟ್ಟಿತ್ತು. 2001ರ ಫೆಬ್ರವರಿ 28ರಂದು ಬಾಗಿಲು ಹಾಕಿದಾಗ ಉಳಿದಿದ್ದವರು ಕೆಲವೇ ಸಾವಿರ. ಅದಿರಿನಲ್ಲಿ ಚಿನ್ನ ಇಳಿಯುತ್ತ ಬಂತು, ಆಳ ಏರುತ್ತ ಹೋಯಿತು, ಖರ್ಚು ಹುಟ್ಟದಾಯಿತು. ಇದು ಯಾರೊಬ್ಬರ ಮೋಸವಲ್ಲ, ಗಣಿಯ ಜಾತಕವೇ ಹಾಗೆ. ಆಮೇಲೆ ಏನಾಯಿತು ಎಂದು ತಿಳಿಯಬೇಕಾದರೆ ಅಂಕಿ ಅಂಶ ಬೇಕಿಲ್ಲ. ಬೆಳಗಿನ ಜಾವ ಕೆಜಿಎಫ್‌ನ ಮಾರಿಕುಪ್ಪಂ ಸ್ಟೇಷನ್ನಿಗೆ ಹೋಗಿ ನಿಲ್ಲಿ. ಕತ್ತಲಲ್ಲೇ ಟಿಫನ್ ಕ್ಯಾರಿಯರ್ ಹಿಡಿದು ರೈಲು ಹತ್ತುವವರು, ಸೀಟು ಸಿಗದೆ ಬಾಗಿಲಲ್ಲಿ ನಿಂತವರು, ನಿಂತೇ ನಿದ್ದೆ ಮಾಡುವವರು. ಬೆಂಗಳೂರಿನ ಕಾರ್ಖಾನೆ, ಅಂಗಡಿ, ಆಸ್ಪತ್ರೆ, ಸೆಕ್ಯೂರಿಟಿ ಕೆಲಸ ಮುಗಿಸಿ ರಾತ್ರಿ ಹತ್ತಕ್ಕೆ ವಾಪಸ್. ದಿನಕ್ಕೆ ನಾಲ್ಕೈದು ಗಂಟೆ ರೈಲಿನಲ್ಲಿ. ಶಾಫ್ಟಿಗೆ ಇಳಿದವರ ಮೊಮ್ಮಕ್ಕಳು ಇವರು. ಊರಿಗೆ ಎರಡನೆಯ ಕಸುಬು ಕಲಿಸುವ ಕೆಲಸ ಗಣಿ ಗಟ್ಟಿಯಾಗಿದ್ದಾಗ ನಡೆಯಬೇಕಿತ್ತು. ಬೆಮೆಲ್ ಕಾರ್ಖಾನೆ ಬಂತು ನಿಜ, ಅದು ಇಲ್ಲದಿದ್ದರೆ ಗತಿಯೇನು ಎಂದು ಊಹಿಸಲೂ ಆಗದು. ಆದರೆ ಒಂದು ಕಾರ್ಖಾನೆ ಒಂದು ಗಣಿ ಬಿಟ್ಟ ಜಾಗವನ್ನು ತುಂಬಲಿಲ್ಲ. ಹಟ್ಟಿಯ ಮಿತ್ರರಿಗೆ ನನ್ನ ಪ್ರಶ್ನೆ ಅದೇ: ನಿಮ್ಮ ಗಣಿ ಇನ್ನೂ ಉಸಿರಾಡುತ್ತಿರುವಾಗಲೇ ಅದರ ದುಡ್ಡಿನಲ್ಲಿ ನಿಮ್ಮ ಮಕ್ಕಳಿಗೆ ಯಾವ ಎರಡನೆಯ ಕಸುಬು ಕಟ್ಟುತ್ತಿದ್ದೀರಿ?

ಇದಕ್ಕೆ ಸಿದ್ಧ ಉತ್ತರ ಒಂದಿದೆ, ಅದೇ ಐದನೆಯ ಆಕ್ಷೇಪ. “2015ರ ಕಾನೂನು ತಿದ್ದುಪಡಿಯಿಂದ ಪ್ರತಿ ಗಣಿ ಜಿಲ್ಲೆಗೂ ಜಿಲ್ಲಾ ಖನಿಜ ಪ್ರತಿಷ್ಠಾನ ಬಂದಿದೆ, ದುಡ್ಡು ನೇರ ಸ್ಥಳೀಯರಿಗೇ ಹೋಗುತ್ತದೆ, ಗಣಿ ಮುಚ್ಚುವುದಕ್ಕೂ ಠೇವಣಿ ಇಡಿಸಿಕೊಳ್ಳುತ್ತಾರೆ. ನೀವು ಓದಿಲ್ಲ.” ಓದಿದ್ದೇನೆ, ಗುಣಾಕಾರವನ್ನೂ ಮಾಡಿದ್ದೇನೆ. ನೀವೂ ಪೆನ್ಸಿಲ್ ಹಿಡಿದುಕೊಳ್ಳಿ.

ಚಿನ್ನಕ್ಕೆ ರಾಯಲ್ಟಿ ಬೆಲೆಯ ಶೇಕಡ 4. ಹರಾಜಿನಲ್ಲಿ ಕೊಟ್ಟ ಗಣಿಯಾದರೆ ಆ ರಾಯಲ್ಟಿಯ ಶೇಕಡ 10ರಷ್ಟು ಜಿಲ್ಲಾ ಪ್ರತಿಷ್ಠಾನಕ್ಕೆ. ಎಂದರೆ ನೂರು ರೂಪಾಯಿ ಚಿನ್ನ ತೆಗೆದರೆ ರಾಯಲ್ಟಿ ನಾಲ್ಕು ರೂಪಾಯಿ, ಜಿಲ್ಲೆಯ ಜನಕ್ಕೆ ನಲವತ್ತು ಪೈಸೆ. 2015ಕ್ಕೆ ಮುಂಚಿನ ಗುತ್ತಿಗೆಯಾದರೆ ಶೇಕಡ 30, ಅಂದರೆ ಒಂದು ರೂಪಾಯಿ ಇಪ್ಪತ್ತು ಪೈಸೆ. ಹರಾಜಿನ ಪ್ರೀಮಿಯಂ ಬೇರೆ ಬರುತ್ತದಲ್ಲ ಎನ್ನುತ್ತೀರಿ. ಬರುತ್ತದೆ, ಅದು ವಿಧಾನಸೌಧಕ್ಕೆ ಬರುತ್ತದೆ, ಆಂಡರ್ಸನ್‌ಪೇಟೆಗೆ ಬರುವುದಿಲ್ಲ.

ಇನ್ನು ಮುಚ್ಚುವ ಠೇವಣಿ. ದೊಡ್ಡ ಗಣಿಗಳಿಗೆ ಹೆಕ್ಟೇರಿಗೆ ಮೂರು ಲಕ್ಷ ರೂಪಾಯಿ ಇದ್ದದ್ದನ್ನು 2021ರಲ್ಲಿ ಐದು ಲಕ್ಷಕ್ಕೆ ಏರಿಸಿದರು. ಕೆಜಿಎಫ್ ಗುಡ್ಡಗಳ ಸಾವಿರ ಎಕರೆ ಎಂದರೆ ಸುಮಾರು 406 ಹೆಕ್ಟೇರ್. ಅದೇ ದರ ಹಾಕಿ: ಇಪ್ಪತ್ತು ಕೋಟಿ ಚಿಲ್ಲರೆ. ಈಗ ಇನ್ನೊಂದು ಕಡೆ. ಗುಡ್ಡದಲ್ಲಿರುವ ಚಿನ್ನ ಟನ್ನಿಗೆ ಒಂದು ಗ್ರಾಂಗೂ ಕಮ್ಮಿ. 0.7 ಗ್ರಾಂ ಎಂದು ಹಿಡಿಯೋಣ. ಒಟ್ಟು 23 ಟನ್ ಆಯಿತು. ಅದರಲ್ಲಿ ಅರ್ಧ ಮಾತ್ರ ಕೈಗೆ ಸಿಕ್ಕಿತು ಎನ್ನೋಣ. ಕೆಜಿಗೆ ಒಂದು ಕೋಟಿಯ ಲೆಕ್ಕದಲ್ಲಿ ಹನ್ನೊಂದೂವರೆ ಸಾವಿರ ಕೋಟಿ ರೂಪಾಯಿ. ಹನ್ನೊಂದೂವರೆ ಸಾವಿರ ಕೋಟಿಯ ಮಾಲಿಗೆ ಇಪ್ಪತ್ತು ಕೋಟಿಯ ಠೇವಣಿ; ಸಾವಿರ ರೂಪಾಯಿಗೆ ಎರಡು ರೂಪಾಯಿಯೂ ಬೀಳಲಿಲ್ಲ. ಬಾಡಿಗೆ ಮನೆಗೆ ಹೋದರೆ ಬೆಂಗಳೂರಿನ ಓನರ್ ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಾನೆ, ಗೋಡೆಗೆ ಮೊಳೆ ಹೊಡೆದರೆ ಅದರಲ್ಲೇ ಮುರಿದುಕೊಳ್ಳುತ್ತಾನೆ. ಹದಿಮೂರು ಗುಡ್ಡ ಕಡೆಯುವವನಿಗೆ ಅಷ್ಟು ಕಟ್ಟುನಿಟ್ಟೂ ಬೇಡವೇ?

ಮತ್ತೆ ಆ ಠೇವಣಿಯ ದರ ಬರೀ ಎಕರೆ ನೋಡುತ್ತದೆ. ಒಂದು ಹೆಕ್ಟೇರಿನ ಮೇಲೆ ಸುಣ್ಣದ ಕಲ್ಲಿದ್ದರೂ ಅಷ್ಟೇ, ಸೈನೈಡ್ ಕೆಸರಿದ್ದರೂ ಅಷ್ಟೇ. ಮೊದಲ ಲೇಖನದಲ್ಲಿ ನಾನು ಕೇಳಿದ್ದು ಇದನ್ನು ಬದಲಿಸಿ ಎಂದು: ಠೇವಣಿ ಎಕರೆ ಲೆಕ್ಕದಲ್ಲಿ ಬೇಡ, ಆ ಊರಿನ ಆ ಮಣ್ಣನ್ನು ಮುಚ್ಚಿ ಕಾಯಲು ನಿಜವಾಗಿ ಎಷ್ಟು ಬೇಕೋ ಆ ಲೆಕ್ಕದಲ್ಲಿ ಇರಲಿ. ಇದನ್ನು ಅಭಿವೃದ್ಧಿ ವಿರೋಧ ಎನ್ನುವುದಾದರೆ ಬ್ಯಾಂಕಿನವರೆಲ್ಲ ಅಭಿವೃದ್ಧಿ ವಿರೋಧಿಗಳೇ.

ಆರನೆಯದು ದೇಶಭಕ್ತಿಯ ಆಕ್ಷೇಪ. ವಿದೇಶಿ ವಿನಿಮಯ ಉಳಿಯುತ್ತದಂತೆ. ಭಾರತ ವರ್ಷಕ್ಕೆ ಏಳೆಂಟು ನೂರು ಟನ್ ಚಿನ್ನ ಆಮದು ಮಾಡುತ್ತದೆ. ದಿನಕ್ಕೆ ಎರಡು ಟನ್. ಹಟ್ಟಿ ವರ್ಷಪೂರ್ತಿ ದುಡಿದು ತೆಗೆಯುವುದು ಒಂದೂವರೆ ಟನ್ನಿನ ಆಸುಪಾಸು. ಕೆಜಿಎಫ್ ನೂರಿಪ್ಪತ್ತು ವರ್ಷ ಅಗೆದು ಕೊಟ್ಟದ್ದು ಸುಮಾರು 800 ಟನ್, ದೇಶದ ಒಂದು ವರ್ಷದ ಆಮದು. ಗುಡ್ಡಗಳಿಂದ ಈಗ ಸಿಗಬಹುದಾದದ್ದು ಒಂದು ವಾರದ್ದು. ಗಣಿಗೆ ಬೇರೆ ಸಮರ್ಥನೆಗಳಿವೆ, ಆದರೆ ಇದು ಅದಲ್ಲ.

“ಫೋನ್ ಬೇಕು, ಎಲೆಕ್ಟ್ರಿಕ್ ಸ್ಕೂಟರ್ ಬೇಕು, ಸೋಲಾರ್ ಬೇಕು, ಗಣಿ ಮಾತ್ರ ಬೇಡ” ಎಂದು ಒಬ್ಬ ಯುವಕ ಕೆಣಕಿದ್ದಾನೆ. ತಾಮ್ರ, ಸತು, ನಿಕ್ಕಲ್ ವಿಷಯದಲ್ಲಿ ಅವನದು ಸರಿ. ಎಲೆಕ್ಟ್ರಿಕ್ ಕಾರಿಗೆ ಪೆಟ್ರೋಲ್ ಕಾರಿನ ಮೂರ್ನಾಲ್ಕು ಪಟ್ಟು ತಾಮ್ರ ಬೇಕು. ನಮ್ಮಲ್ಲಿ ತಾಮ್ರದ ಅದಿರು ಕಡಿಮೆ, ಬಹುಪಾಲು ಹೊರಗಿನಿಂದ ಬರುತ್ತದೆ. ಚಿತ್ರದುರ್ಗದ ಇಂಗಳದಾಳಿನಲ್ಲಿ ಒಂದು ತಾಮ್ರದ ಗಣಿ ಇತ್ತು, ಅದು ಮುಚ್ಚಿ ಕಾಲವಾಯಿತು. ತೂತ್ತುಕುಡಿಯ ತಾಮ್ರ ಕರಗಿಸುವ ಕಾರ್ಖಾನೆಯ ವಿರುದ್ಧ 2018ರ ಮೇ ತಿಂಗಳಲ್ಲಿ ಮೆರವಣಿಗೆ ಹೊರಟ ಜನರಲ್ಲಿ 13 ಮಂದಿ ಪೊಲೀಸರ ಗುಂಡಿಗೆ ಬಲಿಯಾದರು, ಕಾರ್ಖಾನೆ ಮುಚ್ಚಿತು, ತಾಮ್ರ ರಫ್ತು ಮಾಡುತ್ತಿದ್ದ ದೇಶ ಆಮದಿಗೆ ಇಳಿಯಿತು. ಅದರಲ್ಲಿ ಗೆದ್ದವರು ಯಾರೂ ಇಲ್ಲ. ಜನರ ದೂರನ್ನು ಇಪ್ಪತ್ತು ವರ್ಷ ಕೇಳಿಸಿಕೊಳ್ಳದೆ ಇದ್ದರೆ ಕೊನೆಗೆ ಕಾರ್ಖಾನೆಯೂ ಉಳಿಯುವುದಿಲ್ಲ ಎನ್ನುವುದು ಉದ್ಯಮದವರೇ ಓದಿಕೊಳ್ಳಬೇಕಾದ ಪಾಠ. ಆದರೆ ತಮ್ಮಾ, ತಾಮ್ರದ ಹೆಸರಿನಲ್ಲಿ ಚಿನ್ನಕ್ಕೆ ಪಾಸು ಕೊಡಿಸಬೇಡ. ಫೋನಿಗೂ ಯಂತ್ರಗಳಿಗೂ ಹೋಗುವ ಚಿನ್ನ ಹತ್ತರಲ್ಲಿ ಒಂದು ಪಾಲೂ ಇಲ್ಲ. ಉಳಿದದ್ದು ಕತ್ತಿಗೆ, ಇಲ್ಲವೇ ಲಾಕರಿಗೆ. ನೆಲದೊಳಗಿನ ಕತ್ತಲಿನಿಂದ ಎತ್ತಿ ಬ್ಯಾಂಕಿನ ಕತ್ತಲಿಗೆ ಇಡುವುದಕ್ಕೆ ಹವಾಮಾನದ ನೆಪ ಒಪ್ಪುವುದಿಲ್ಲ.

ಈಗ ಇನ್ನೊಂದು ಕಡೆಯವರು. ಇವರು ನನ್ನ ಸ್ನೇಹಿತರೇ ಆದ್ದರಿಂದ ಏಟು ಹೆಚ್ಚು ನೋವು. “ಗುಡ್ಡಗಳನ್ನು ಮುಟ್ಟಲೇಬಾರದು. ಷರತ್ತು, ಠೇವಣಿ ಎಂದು ಮಾತಾಡುವುದೇ ಗಣಿಗೆ ಬಾಗಿಲು ತೆರೆದ ಹಾಗೆ. ಕಪ್ಪತಗುಡ್ಡದಲ್ಲಿ ನಿಂತ ಹಾಗೆ ಇಲ್ಲೂ ನಿಲ್ಲಬೇಕು.”

ಕಪ್ಪತಗುಡ್ಡದ ವಿಷಯದಲ್ಲಿ ನಾನು ಅವರ ಜೊತೆಗೇ ಇದ್ದೆ, ಇದ್ದೇನೆ. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತು, ಊರೂರಿನ ರೈತರು ಸೇರಿ, ಆ ಔಷಧಿ ಸಸ್ಯಗಳ ಬೆಟ್ಟವನ್ನು ಚಿನ್ನದ ಗಣಿಯಿಂದ ಉಳಿಸಿಕೊಂಡರು. 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಹಸಿರು ಬೆಟ್ಟವನ್ನು ಒಡೆಯಬೇಡಿ ಎನ್ನುವುದಕ್ಕೆ ಷರತ್ತು ಬೇಕಿಲ್ಲ. ಅಲ್ಲಿ ಉತ್ತರ ‘ಬೇಡ’ ಎಂಬ ಎರಡಕ್ಷರ.

ಆದರೆ ಕೆಜಿಎಫ್‌ನದು ಬೆಟ್ಟವಲ್ಲ, ಬೆಟ್ಟದ ಹೆಣ. ಅಲ್ಲಿ ಉಳಿಸಲು ಏನಿದೆ? ‘ಮುಟ್ಟಬೇಡಿ’ ಎಂದರೆ ಈಗಿರುವುದು ಹಾಗೆಯೇ ಇರಲಿ ಎಂದೇ ಅರ್ಥ. ಈಗಿರುವುದು ಎಂದರೆ ಮಳೆಗೆ ಕೊರೆದು ಕಾಲುವೆಗಿಳಿಯುವ ಮಣ್ಣು, ಗಾಳಿಗೆ ಏಳುವ ದೂಳು, ಚಿಕ್ಕಮ್ಮನ ಗೋಣಿಚೀಲ. ಗಣಿ ಮುಚ್ಚಿ ಇಪ್ಪತ್ತೈದು ವರ್ಷವಾಯಿತು. ಅಷ್ಟು ವರ್ಷ ನಾವು ಯಾರೂ ಮುಟ್ಟಲಿಲ್ಲ. ಗುಡ್ಡಕ್ಕೆ ಹುಲ್ಲು ಹಬ್ಬಿಸಲು, ಮೇಲೆ ಒಳ್ಳೆಯ ಮಣ್ಣು ಹೊದಿಸಲು ದುಡ್ಡು ಬೇಕೆಂದರೆ ಯಾವ ಸರ್ಕಾರದ ಬಜೆಟ್ಟಿನಲ್ಲೂ ಆ ಸಾಲು ಬರೆಸುವಷ್ಟು ಶಕ್ತಿ ಆ ಊರಿಗಿಲ್ಲ. ಗುಡ್ಡದೊಳಗಿನ ಚಿನ್ನ ಮಾತ್ರ ಆ ದುಡ್ಡನ್ನು ಹುಟ್ಟಿಸಬಲ್ಲದು. ಈ ಒಂದು ಸಲ, ಚಿನ್ನ ತನ್ನ ಕಸವನ್ನು ತಾನೇ ಬಳಿಯಲಿ ಎನ್ನುವ ಆಸೆ ನನ್ನದು. ಈ ಅವಕಾಶ ಎರಡನೆಯ ಸಲ ಬರುವುದಿಲ್ಲ, ಯಾಕೆಂದರೆ ಚಿನ್ನ ಹೋದ ಮೇಲೆ ಆ ಮಣ್ಣನ್ನು ತಿರುಗಿ ನೋಡುವವರೂ ಇರುವುದಿಲ್ಲ. ಅದಕ್ಕೇ ಷರತ್ತಿನ ಮೇಲೆ ನನ್ನ ಇಷ್ಟು ಹಟ. ‘ಷರತ್ತು ಹಾಕಿದರೂ ಪಾಲಿಸುವುದಿಲ್ಲ’ ಎನ್ನುತ್ತೀರಿ. ಬಳ್ಳಾರಿಯ ಅಕ್ರಮ ಗಣಿಗಾರಿಕೆಯನ್ನು ಕಂಡ ರಾಜ್ಯದಲ್ಲಿ ಆ ಅನುಮಾನಕ್ಕೆ ನಾನು ಹೇಗೆ ಇಲ್ಲ ಎನ್ನಲಿ? ಅದಕ್ಕಾಗಿಯೇ ದುಡ್ಡು ಮೊದಲು ಎನ್ನುತ್ತಿರುವುದು. ಕಾಗದದ ಮೇಲಿನ ಷರತ್ತು ಹರಿದುಹೋಗಬಹುದು, ಖಜಾನೆಯಲ್ಲಿರುವ ಠೇವಣಿ ಓಡಿಹೋಗುವುದಿಲ್ಲ.

ಕೊನೆಯದು ಆಕ್ಷೇಪವಲ್ಲ, ಚುಚ್ಚುಮಾತು. “ಮೇಷ್ಟ್ರೇ, ನಿಮ್ಮ ಮನೆಯಲ್ಲಿ ಯಾರೂ ಚಿನ್ನ ಹಾಕಿಕೊಳ್ಳುವುದಿಲ್ಲವೇ?”

ಹಾಕಿಕೊಳ್ಳುತ್ತಾರೆ. ಮಗಳ ಮದುವೆಗೆ 60 ಗ್ರಾಂ ಮಾಡಿಸಿದೆ, ಪಿಎಫ್ ದುಡ್ಡಿನಲ್ಲಿ. ಟನ್ನಿಗೆ ಮೂರು ಗ್ರಾಂ ಸಿಗುವ ಅದಿರು ಎಂದರೂ ಇಪ್ಪತ್ತು ಟನ್ ಕಲ್ಲು. ಎರಡು ಲಾರಿ ತುಂಬ. ಅದು ಯಾವ ದೇಶದಲ್ಲಿ, ಯಾರ ಮನೆಯ ಮುಂದೆ ಹಿಟ್ಟಾಗಿ ಬಿದ್ದಿದೆಯೋ ನನಗೆ ಗೊತ್ತಿಲ್ಲ. ಅಂಗಡಿಯ ಬಿಲ್ಲನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಚಿನ್ನದ ಬೆಲೆ, ಮೇಕಿಂಗ್ ಚಾರ್ಜ್, ಜಿಎಸ್‌ಟಿ, ಮತ್ತೊಂದು ಸಾಲಿನಲ್ಲಿ ವೇಸ್ಟೇಜ್. ವೇಸ್ಟೇಜ್ ಅಂದರೆ ಏನು ಅಂತ ಕೇಳಿದೆ. ಕೆಲಸ ಮಾಡುವಾಗ ಅಕ್ಕಸಾಲಿಗರ ಕೈಯಲ್ಲಿ ಉದುರುವ ಪುಡಿಗೆ ಸಾರ್, ಅಂದ ಅಂಗಡಿಯ ಹುಡುಗ.